ಬಾವಿಯ ನೀರೂ ಪರೀಕ್ಷಾಯಂತ್ರದ ದೀಪವೂ

ಕೋಲಾರ, ಪಾವಗಡ ಮೊದಲಾದ ಸೀಮೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿರುವುದುಂಟು. ಅಂತಹ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳೇಳುವುವು. ಕಾಲಾನಂತರ ಎಲುಬುಗಳೂ ಕೆಡಬಹುದು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ದೊರೆಯದೆಡೆಯಲ್ಲಿ 1.5ರ ವರೆಗೆ ಸಹಿಸಬಹುದು ಎಂಬುದು ಭಾರತದ ಕಟ್ಟಳೆ. ಇದನ್ನು ಬಾವಿಯ ಬಳಿಯಲ್ಲಿಯೇ ಅಳೆಯಲು ಹೊತ್ತೊಯ್ಯಬಹುದಾದ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರವಿದೆ. ಅದರೊಳಗೆ ಎಂತಹ ದೀಪವಿರಬೇಕು? ಪ್ರಯೋಗಶಾಲೆಗಳಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಬಲ್ಲರು. ತಾಯಿತಂದೆಗಳಿಗಾಗಿ ತುಸು ಬಿಡಿಸಿ ಬರೆಯುತ್ತೇನೆ.

ಪರೀಕ್ಷೆಯ ನೀರಿಗೆ ಜಿರ್ಕೋನಿಯಂ ಕೂಡಿದ ಕೆಂಪು ದ್ರಾವಣವನ್ನು ಬೆರೆಸುವರು. ಫ್ಲೋರೈಡು ಜಿರ್ಕೋನಿಯಮನ್ನು ತನ್ನೆಡೆಗೆ ಸೆಳೆದುಕೊಳ್ಳಲು ಬಣ್ಣವು ಮಾಸುವುದು. ಆಗ 570 ನ್ಯಾನೋಮೀಟರಿನ ಆಸುಪಾಸಿನ ಬೆಳಕನ್ನು ಹಾಯಿಸಿದರೆ, ಬೆಳಕು ಎಷ್ಟು ಹೆಚ್ಚಾಗಿ ದಾಟಿಬರುವುದೋ ಫ್ಲೋರೈಡು ಅಷ್ಟು ಹೆಚ್ಚು. ಇಲ್ಲಿಯೇ ಅಪಾಯವಿರುವುದು. ಶುದ್ಧಜಲದಿಂದ ಯಂತ್ರವನ್ನು ಸರಿಹೊಂದಿಸಿದ ಮೇಲೆ ದೀಪವು ಕೊಂಚ ಕುಂದಿತೆನ್ನಿ. ದಾಟಿಬರುವ ಬೆಳಕು ಕಡಿಮೆಯಾಗಿ, ಫ್ಲೋರೈಡೂ ಕಡಿಮೆಯೆಂದು ಯಂತ್ರವು ಹೇಳುವುದು. ಕೆಟ್ಟ ಬಾವಿಗೆ ಒಳ್ಳೆಯದೆಂಬ ಹೆಸರು ಬರುವುದು! ಆದುದರಿಂದ ದೀಪಕ್ಕೆ ಪ್ರಕಾಶಕ್ಕಿಂತ ಸ್ಥಿರತೆಯೇ ಮುಖ್ಯವೆಂದು ನನ್ನ ಅಭಿಪ್ರಾಯ.

ಟಂಗ್‌ಸ್ಟನ್ ಹ್ಯಾಲೊಜೆನ್ ದೀಪವು ನೇರಿಳೆಯಿಂದ ಕೆಂಪಿನಾಚೆಯ ವರೆಗೆ ಎಡೆಬಿಡದೆ ಬೆಳಕು ಕೊಡುವುದು. ಶಾಲೆಯ ಮೇಜಿನ ಮೇಲೆ ಅದಕ್ಕೆ ಸಮನಿಲ್ಲ. ಆದರೆ ಅದು ಒಲೆಯ ಜಾತಿಯದು. ಬೆಳಕಿಗಿಂತ ಕಾವೇ ಹೆಚ್ಚು. ಬ್ಯಾಟರಿಯನ್ನು ಬೇಗ ಬರಿದುಮಾಡುವುದು. ಹೊತ್ತಿಸಿದ ಮೇಲೆ ಹದಕ್ಕೆ ಬರಲು ಕಾಯಬೇಕು. ಅದರ ಕಾವು ಪರೀಕ್ಷೆಯ ನೀರಿಗೂ ತಗಲಬಹುದು. ಈ ಬಣ್ಣವಾದರೋ ಶಾಖಕ್ಕೆ ತಕ್ಕಂತೆ ಬದಲಾಗತಕ್ಕದ್ದು.

ಬಿಳಿಯ ಎಲ್.ಇ.ಡಿ. ದೀಪಕ್ಕೆ ಅಲ್ಪ ವಿದ್ಯುತ್ತು ಸಾಕು. ಅದರೊಳಗಿನ ನೀಲಿ ಬೆಳಕು ಒಂದು ಲೇಪದ ಮೇಲೆ ಬಿದ್ದು ಹಳದಿಯನ್ನು ಹೊಮ್ಮಿಸುವುದು. ಇವೆರಡರ ನಡುವೆ, 480ರ ಸುಮಾರಿನಲ್ಲಿ, ಬೆಳಕು ತಗ್ಗಿರುವುದು. ಆದರೆ ನಮಗೆ ಬೇಕಾದ 570ರಲ್ಲಿ ಅದು ಧಾರಾಳವಾಗಿದೆಯಾದ್ದರಿಂದ ಈ ಕೊರತೆಯು ಇಲ್ಲಿ ಬಾಧಿಸದು. ಬೇಸಗೆಯ ಬಿಸಿಲಿನಲ್ಲಿ ಕಾದರೆ ಇದೂ ಕುಂದುವುದು ನಿಜ. ಅದಕ್ಕಾಗಿ ದೀಪವನ್ನೇ ನೇರವಾಗಿ ನೋಡುತ್ತಿರುವ ಎರಡನೆಯ ಬೆಳಕುಗ್ರಾಹಕವಿರುವ ಯಂತ್ರವನ್ನು ಕೊಳ್ಳತಕ್ಕದ್ದು. ಅದು ದೀಪದ ಏರಿಳಿತವನ್ನು ಲೆಕ್ಕದಿಂದ ಕಳೆಯುವುದು. ಬಾವಿಕೆಲಸಕ್ಕೆ ನಾನು ಇದನ್ನೇ ಆರಿಸುವೆನು.

ನೈಟ್ರೇಟನ್ನು ಬಣ್ಣ ಬೆರೆಸದೆ ನೇರವಾಗಿ ಅಳೆಯಬೇಕಾದರೆ ಮಾತ್ರ 220 ನ್ಯಾನೋಮೀಟರಿನ ಅತಿನೇರಿಳೆ ಕಿರಣ ಬೇಕು. ಅಲ್ಲಿ ಬಿಳಿಯ ಎಲ್.ಇ.ಡಿ. ಕುರುಡು, ಮಿಂಚಿನಂತೆ ಹೊಳೆದು ಆರುವ ಜೆನಾನ್ ದೀಪದಂತಹುದು ಬೇಕು.