ನೌಕರಿಗೊಂದು ಅರ್ಜಿ

ಉದ್ಯೋಗಂ ಪುರುಷಲಕ್ಷಣಂ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದು ಅದು ಸ್ತ್ರೀಲಕ್ಷಣವೂ ಆಗಿದೆ. ಆ ಮಾತು ಹಾಗಿರಲಿ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ನೌಕರಿಯ ಪ್ರಸ್ತಾಪವಿಲ್ಲದೆ ಒಂದು ಹೊತ್ತಿನ ಊಟವೂ ಮುಗಿಯುವುದಿಲ್ಲವೆಂಬುದು ಓದುಗರಿಗೆ ತಿಳಿಯದ ಸಂಗತಿಯೇನಲ್ಲ. ನಾವು ಇಲ್ಲಿಗೆ ಬಂದದ್ದೇ ಅದಕ್ಕಾಗಿ ತಾನೇ!

ನಮ್ಮ ಅಪ್ಪಯ್ಯ 1974ರಲ್ಲಿ, ತಮ್ಮ ಹದಿನೈದನೆಯ ವಯಸ್ಸಿನಲ್ಲಿ, ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದಾಗ ಅವರ ಜೇಬಿನಲ್ಲಿದ್ದುದು ಊರಿನ ಹಿರಿಯರೊಬ್ಬರು ಬರೆದುಕೊಟ್ಟ ಒಂದು ಚೀಟಿ. ಅದೇ ಅರ್ಜಿ, ಅದೇ ಯೋಗ್ಯತಾಪತ್ರ. ಮಾಟುಂಗದ ಹೊಟೇಲೊಂದರಲ್ಲಿ ಅದನ್ನು ತೋರಿಸಿದರು. ಅಂದು ಸಂಜೆಯೇ ಕೆಲಸ, ಊಟ, ಮಲಗಲು ಜಾಗ. ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರ ಕಥೆ ನಮ್ಮ ಸಂಘದ ಎಷ್ಟೋ ಮನೆಗಳ ಕಥೆ. ನಮ್ಮ ಕಾಲಕ್ಕೆ ಚೀಟಿಯ ಮಹಿಮೆ ಮುಗಿದಿತ್ತು. ಬಿ.ಎ. ಮುಗಿಸಿದ ನಾವು ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಹಣ ಕೊಟ್ಟು ಕುಳಿತು, ಅರ್ಜಿ ತುಂಬಿ, ಪರೀಕ್ಷೆ ಬರೆದು ಸರಕಾರಿ ಗುಮಾಸ್ತರಾದೆವು.

ಈಗ ಕೆಫೆಯೂ ಬೇಡ. 1997ರಲ್ಲಿ ನೌಕರಿ ಡಾಟ್ ಕಾಂ ಆರಂಭವಾಯಿತು. 2015ರಲ್ಲಿ ಕೇಂದ್ರ ಸರಕಾರವೇ ನ್ಯಾಷನಲ್ ಕೆರಿಯರ್ ಸರ್ವಿಸ್ ಎಂಬ ಜಾಲತಾಣವನ್ನು ತೆರೆಯಿತು. ಅದರಲ್ಲಿ ಹೆಸರು ನೋಂದಾಯಿಸಲು ಕಾಸು ಕೊಡಬೇಕಾಗಿಲ್ಲ. ಲೋಕಲ್ ಗಾಡಿಯಲ್ಲಿ ನೇತಾಡುತ್ತಲೇ ಹತ್ತು ಕಡೆಗೆ ಅರ್ಜಿ ಹಾಕಬಹುದು. ಸೌಕರ್ಯವೇನೋ ದೊಡ್ಡದು. ಆದರೆ ಚೀಟಿಯ ಹಿಂದೆ ಒಬ್ಬ ಹಿರಿಯರಿದ್ದರು. ಮೊಬೈಲಿನ ಹಿಂದೆ ಯಾರಿದ್ದಾರೆ?

ಈ ಪ್ರಶ್ನೆ ನಮ್ಮ ಮನೆಗೇ ಬಂದ ಬಗೆಯನ್ನು ಹೇಳುತ್ತೇವೆ. ನಮ್ಮ ಅಕ್ಕನ ಮಗ ಡೊಂಬಿವಲಿಯಲ್ಲಿದ್ದಾನೆ. ಬಿ.ಕಾಂ. ಆಗಿ ಒಂದೂವರೆ ವರ್ಷವಾಗಿತ್ತು. ಕಳೆದ ಚೌತಿಯ ದಿನ ಎಲ್ಲರೂ ಕಡಬು ತಿನ್ನುತ್ತಿರುವಾಗ ಅವನೊಬ್ಬನೇ ಮೂಲೆಯಲ್ಲಿ ಮೊಬೈಲು ಒತ್ತುತ್ತಿದ್ದನು. “ದಿನವಿಡೀ ಅದನ್ನೇ ನೋಡುತ್ತ ಕುಳಿತರೆ ನೌಕರಿ ಸಿಕ್ಕುತ್ತದೆಯೇನೋ?” ಎಂದು ನಾವು ನಕ್ಕೆವು. ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ಅವನು ಆಗ ತುಂಬುತ್ತಿದ್ದುದು ಅರ್ಜಿಯನ್ನೇ ಎಂಬುದು ನಮಗೆ ತಿಳಿದದ್ದು ಆಮೇಲೆ.

ಎರಡು ವಾರ ಕಳೆದು ಅವನಿಗೊಂದು ಪತ್ರ ಬಂದಿತು. ದೊಡ್ಡ ಕಂಪನಿಯೊಂದರ ಹೆಸರು, ಮುದ್ರೆ, ತಿಂಗಳ ಸಂಬಳ ಎಲ್ಲವೂ ಅದರಲ್ಲಿದ್ದುವು. ಸಂದರ್ಶನವಿಲ್ಲದೆ ಆಯ್ಕೆ! ದಾಖಲೆ ಪರಿಶೀಲನೆಗೆಂದು 1,500 ರೂಪಾಯಿ ಕೇಳಿದರು, ಕೊಟ್ಟನು. ಲ್ಯಾಪ್‌ಟಾಪಿನ ಠೇವಣಿಯೆಂದು ಇನ್ನೂ 6,000 ಕೇಳಿದರು. ಅಕ್ಕ ಕೂಡಿಟ್ಟ ಹಣದಿಂದ ಅದನ್ನೂ ಕಳುಹಿಸಿದನು. ಆಮೇಲೆ ಆ ನಂಬರು ಮೌನವ್ರತ ಹಿಡಿಯಿತು. ಹುಡುಗ ಒಂದು ತಿಂಗಳು ಬಾಯಿ ಬಿಡಲಿಲ್ಲ, ಊಟ ಬಿಟ್ಟನು.

ಸೈಬರ್ ವಂಚನೆಗೆ 1930 ಎಂಬ ದೂರವಾಣಿ ಇದೆ. ಕೂಡಲೇ ಕರೆ ಮಾಡಿದರೆ ಹಣವನ್ನು ದಾರಿಯಲ್ಲಿಯೇ ತಡೆಯುವ ಸಂಭವವುಂಟು. ನಾವು ದೂರು ಕೊಡಿಸುವ ಹೊತ್ತಿಗೆ ತಡವಾಗಿತ್ತು, ಹಣ ಬರಲಿಲ್ಲ. ಅಟ್ಟ ಮೇಲೆ ಒಲೆ ಉರಿದಂತಾಯಿತು. “ಮೊದಲೇ ಒಂದು ಮಾತು ಕೇಳಬಾರದಿತ್ತೇನೋ?” ಎಂದಾಗ ಅವನು ತಲೆ ತಗ್ಗಿಸಿ, “ನೀವು ನಗುತ್ತೀರಿ ಅಂತ ಹೇಳಲಿಲ್ಲ ಮಾವ” ಎಂದನು. ಕಳೆದ ಏಳೂವರೆ ಸಾವಿರಕ್ಕಿಂತ ಈ ಮಾತು ನಮಗೆ ಹೆಚ್ಚು ಚುಚ್ಚಿತು.

ಮುಂದಿನ ಭಾನುವಾರ ನಾವೇ ಡೊಂಬಿವಲಿಗೆ ಹೋಗಿ ಅವನ ಪಕ್ಕದಲ್ಲಿ ಕುಳಿತೆವು. ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಅರ್ಜಿ. ಮೊದಲನೆಯ ಸಾಲಿನಲ್ಲಿಯೇ ತೊಡಕು! ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿ ಇಲ್ಲಿಯ ಪದ್ಧತಿಯಂತೆ ಮೊದಲು ಅಡ್ಡಹೆಸರು, ಮತ್ತೆ ಅವನ ಹೆಸರು, ಕೊನೆಗೆ ತಂದೆಯ ಹೆಸರು. ಊರಿನಲ್ಲಿ ಮಾಡಿಸಿದ ಆಧಾರಿನಲ್ಲಿ ನಮ್ಮ ಪದ್ಧತಿಯಂತೆ ಎರಡು ಇನಿಷಿಯಲ್ಲು, ಒಂದು ಹೆಸರು. ಪ್ಯಾನ್ ಕಾರ್ಡಿನಲ್ಲಿ ಮೂರನೆಯದೇ ಒಂದು ಅವತಾರ. ಹುಡುಗ ಒಬ್ಬನೇ, ಕಾಗದದಲ್ಲಿ ಮೂವರು! ಎರಡು ನಾಡುಗಳ ನಡುವೆ ಬಾಳುವ ನಮ್ಮ ಮನೆಗಳಲ್ಲಿ ಇದು ಅಪರೂಪವಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಇವೆಲ್ಲ ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿರುವಂತೆಯೇ ಇರಬೇಕೆಂದು ಆ ಅರ್ಜಿ ಕೇಳುತ್ತದೆ. ಆಧಾರಿನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಅವಕಾಶ. ಆದ್ದರಿಂದ ಮಕ್ಕಳು ಶಾಲೆಯಲ್ಲಿರುವಾಗಲೇ ಈ ಕಾಗದಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡುವುದು ತಂದೆತಾಯಿಗಳ ಕರ್ತವ್ಯ. ಹಿಂದುಳಿದ ವರ್ಗದ ಪ್ರಮಾಣಪತ್ರವೂ ಹೀಗೆಯೇ: ಕೇಂದ್ರದ ನೌಕರಿಗೆ ಕೇಂದ್ರದ ನಮೂನೆಯಲ್ಲಿಯೇ ಬೇಕು, ರಾಜ್ಯದ ನಮೂನೆ ನಡೆಯದು.

ಇನ್ನೊಂದು ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಿತು. ಸ್ಟೇಟ್ ಬ್ಯಾಂಕಿನ ಗುಮಾಸ್ತೆ ಹುದ್ದೆಗೆ ಯಾವ ರಾಜ್ಯದಿಂದ ಅರ್ಜಿ ಹಾಕುತ್ತೇವೆಯೋ ಆ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತಾಡಲು ಬರಬೇಕು. ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯಲ್ಲಿ ಆ ಭಾಷೆಯನ್ನು ಓದಿದ್ದಕ್ಕೆ ಅಂಕಪಟ್ಟಿ ಇದ್ದರೆ ಭಾಷಾ ಪರೀಕ್ಷೆಯಿಲ್ಲ. ಮರಾಠಿ ಓದಿದ ನಮ್ಮ ಹುಡುಗನಿಗೆ ಮಹಾರಾಷ್ಟ್ರದ ಬಾಗಿಲು ತೆರೆದಿತ್ತು. ಕರ್ನಾಟಕದಲ್ಲಿ ಹುದ್ದೆಗಳಿದ್ದರೂ ಅವನು ಆ ಕಡೆ ನೋಡುವಂತಿರಲಿಲ್ಲ. ಮನೆಯಲ್ಲಿ ಕನ್ನಡ ಆಡುತ್ತಾನೆ, ಅಕ್ಷರ ಬಾರದು. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಮಲ್ಟಿ ಟಾಸ್ಕಿಂಗ್ ಹುದ್ದೆಗಳ ಪರೀಕ್ಷೆಯನ್ನೂ 2023ರಿಂದ ಕನ್ನಡದಲ್ಲಿ ಬರೆಯಲು ಅವಕಾಶವಾಗಿದೆ. “ಇಲ್ಲಿ ಕನ್ನಡ ಕಲಿತು ಏನು ಪ್ರಯೋಜನ?” ಎಂದು ಸಂಘದ ಕನ್ನಡ ತರಗತಿಯಿಂದ ಮಕ್ಕಳನ್ನು ಬಿಡಿಸುವ ತಾಯಂದಿರು ಈ ಮಾತನ್ನು ದಯವಿಟ್ಟು ಗಮನಿಸಬೇಕು. ಭಾಷಾಭಿಮಾನ ಒಂದು ಕಡೆಗಿರಲಿ. ಅನ್ನದ ಲೆಕ್ಕದಲ್ಲಿಯೂ ಕನ್ನಡ ನಷ್ಟದ ಬಾಬಲ್ಲ.

ಗುಮಾಸ್ತರ ಚಾಳಿಯಂತೆ ಇನ್ನೆರಡು ಸೂಚನೆಗಳನ್ನು ಬರೆದು ಮುಗಿಸುತ್ತೇವೆ. ಸರಕಾರಿ ಪರೀಕ್ಷೆಗೆ ಶುಲ್ಕವುಂಟು. ಅದನ್ನು ಆ ಇಲಾಖೆಯ ಜಾಲತಾಣದಲ್ಲಿಯೇ ಕಟ್ಟಬೇಕು, ಯಾವನೋ ಒಬ್ಬನ ಮೊಬೈಲಿಗಲ್ಲ. ಆಯ್ಕೆಯಾಯಿತೆಂದು ಹೇಳಿ ಹಣ ಕೇಳುವ ನೌಕರಿ ನೌಕರಿಯೇ ಅಲ್ಲ. ಎರಡನೆಯದಾಗಿ, ಕಡೆಯ ದಿನಕ್ಕಾಗಿ ಕಾಯಬಾರದು. ಅಂದು ಊರೆಲ್ಲ ಒಂದೇ ಬಾಗಿಲಿಗೆ ನುಗ್ಗುತ್ತದೆ. ಅರ್ಜಿಯನ್ನು ಕಳುಹಿಸುವ ಮೊದಲು ಮನೆಯ ಇನ್ನೊಬ್ಬರು ಗಟ್ಟಿಯಾಗಿ ಓದಲಿ. ತುಂಬಿದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ.

ನಮ್ಮ ಹುಡುಗನಿಗೆ ಕಳೆದ ವಾರ ಪ್ರವೇಶಪತ್ರ ಬಂದಿದೆ. ಪರೀಕ್ಷೆ ಇನ್ನೂ ಮುಂದಿದೆ. ಫಲ ಹೇಗೋ ಏನೋ. ಆದರೆ ಅವನು ಅದನ್ನು ಮೊದಲು ತೋರಿಸಿದ್ದು ನಮಗೆ.

ಸಂಘದ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಎರಡು ಬೆಂಚುಗಳು ಖಾಲಿ ಇರುತ್ತವೆ. ಕಚೇರಿಗಳಲ್ಲಿ ದುಡಿಯುವ ನಾವು ನಾಲ್ಕು ಜನ ಸರದಿಯಂತೆ ಅಲ್ಲಿ ಕುಳಿತರೆ, ಅರ್ಜಿ ತುಂಬುವ ಮಕ್ಕಳು ಧೈರ್ಯವಾಗಿ ಬಂದು ಕೇಳಬಹುದು. ಕಾರ್ಯದರ್ಶಿಗಳಿಗೆ ಹೇಳಿದ್ದೇವೆ, ಅವರು ಒಪ್ಪಿದ್ದಾರೆ. ಚೀಟಿ ಬರೆದುಕೊಡುವ ಹಿರಿಯರ ಕಾಲ ಹೋಯಿತು, ಹಿರಿಯರ ಕೆಲಸ ಹೋಗಿಲ್ಲ. ಬಂದ ಮಕ್ಕಳನ್ನು ನೋಡಿ ನಾವು ನಗುವುದಿಲ್ಲವೆಂದು ಮಾತ್ರ ಈ ಮೂಲಕ ಮಾತು ಕೊಡುತ್ತೇವೆ.