ಗೊಬ್ಬರದ ಚೀಲವೂ ಒಂದು ಪಾಠವೇ



‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಅಂತ ಹಿರಿಯರು ಹೇಳ್ತಾರೆ. ಹೈಸ್ಕೂಲಿನಲ್ಲಿ ನಾವು ಆ ಒಕ್ಕಾಲನ್ನು ಕಲಿಯುತ್ತಾ ಇದ್ದೇವೆ. ಉಳಿದ ಮುಕ್ಕಾಲನ್ನು ಎಲ್ಲಿ ಕಲಿಯಬೇಕು? ಅದನ್ನೂ ಇಲ್ಲೇ ಕಲಿಯಬಹುದು ಎಂದು ನನ್ನ ಅಭಿಪ್ರಾಯ. ಅದಕ್ಕೆ ಹೊಸ ಪುಸ್ತಕ ಬೇಕಿಲ್ಲ. ನಮ್ಮ ಮನೆಯಲ್ಲಿರುವ ಗೊಬ್ಬರದ ಚೀಲ, ಪಹಣಿ, ಕರೆಂಟ್ ಬಿಲ್ಲು ತರಗತಿಯೊಳಕ್ಕೆ ಬಂದರೆ ಸಾಕು.

ಇದು ಹೊಸ ವಿಚಾರವೇನೂ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು, ಮಕ್ಕಳು ಕೈಕೆಲಸದ ಮೂಲಕವೇ ಲೆಕ್ಕ, ಭಾಷೆ, ವಿಜ್ಞಾನ ಕಲಿಯಬೇಕು ಎಂದರು. ಅದಕ್ಕೆ ‘ನಯೀ ತಾಲೀಮ್’ ಎಂದು ಹೆಸರು. ಆಗ ಪಠ್ಯಕ್ರಮ ತಯಾರಿಸಿದ ಸಮಿತಿಯ ಅಧ್ಯಕ್ಷರು ಜಾಕಿರ್ ಹುಸೇನ್. ಅವರೇ 1967ರಲ್ಲಿ ನಮ್ಮ ರಾಷ್ಟ್ರಪತಿಯಾದರು. 1964-66ರ ಕೊಠಾರಿ ಆಯೋಗವೂ ‘ಕಾರ್ಯಾನುಭವ’ ಬೇಕು ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ, 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರ ಮುಂತಾದವರ ಹತ್ತಿರ ಕೆಲಸ ನೋಡಿ ಕಲಿಯಬೇಕು ಎಂದು ಬರೆದಿದ್ದಾರೆ. ದೊಡ್ಡವರು ಇಷ್ಟು ಸಲ ಹೇಳಿದರೂ ಪರೀಕ್ಷೆ ಹತ್ತಿರ ಬಂದಾಗ ಮೊದಲು ಹೋಗುವುದು ಕಾರ್ಯಾನುಭವದ ಪೀರಿಯಡ್ಡೇ. ಹಾಗಾದರೆ ನಾವು ಓದುವ ಪಾಠದ ಒಳಗೇ ಅದನ್ನು ಹೇಗೆ ಸೇರಿಸುವುದು? ಕೆಲವು ಉದಾಹರಣೆ ಕೊಡುತ್ತೇನೆ.

1. ಗೊಬ್ಬರದ ಚೀಲ

ಶೇಕಡಾ ಲೆಕ್ಕ ನಮಗೆಲ್ಲ ಗೊತ್ತು. ಆದರೆ ಡಿ.ಎ.ಪಿ. ಚೀಲದ ಮೇಲೆ 18-46-0 ಅಂತ ಯಾಕೆ ಬರೆದಿರುತ್ತಾರೆ? ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಮೂರೂ ಶೇಕಡಾ ಲೆಕ್ಕದಲ್ಲಿ. ಅಂದರೆ 50 ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ, ಪೊಟ್ಯಾಷ್ ಸೊನ್ನೆ. ಯೂರಿಯಾದಲ್ಲಿ ಸಾರಜನಕ ಮಾತ್ರ, ಶೇ. 46. ಈಗ ಬರುವ 45 ಕಿಲೋ ಚೀಲಕ್ಕೆ 20.7 ಕಿಲೋ ಆಯಿತು. 17-17-17ರ 50 ಕಿಲೋ ಚೀಲದಲ್ಲಿ ಮೂರೂ ತಲಾ ಎಂಟೂವರೆ ಕಿಲೋ. ಈ ಲೆಕ್ಕ ಬಂದರೆ, ಅಂಗಡಿಯವರು ‘ಅದಿಲ್ಲ, ಇದನ್ನ ತಗೊಂಡು ಹೋಗು’ ಅಂದಾಗ ಅದರಲ್ಲಿ ನಮ್ಮ ಬೆಳೆಗೆ ಬೇಕಾದ್ದು ಇದೆಯೋ ಇಲ್ಲವೋ ಎಂದು ನಾವೇ ಹೇಳಬಹುದು.

2. ಡಬ್ಬದ ಮೇಲಿನ ಬಣ್ಣ

ಹೊಲಕ್ಕೆ ಹೊಡೆಯುವುದನ್ನು ನಾವು ‘ಔಷಧಿ’ ಅಂತೀವಿ. ನಿಜವಾಗಿ ಅದು ವಿಷ. ಡಬ್ಬದ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಹಾಗೆ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಬೇಕು. ಕೆಂಪು ಇದ್ದರೆ ಅತ್ಯಂತ ಘೋರ ವಿಷ, ಮೇಲೆ ತಲೆಬುರುಡೆ ಗುರುತೂ ಇರುತ್ತದೆ. ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಅಂದರೆ ಏನೂ ಆಗಲ್ಲ ಅಂತ ತಿಳಿಯಬಾರದು. ಅದೂ ವಿಷವೇ. ಅಕ್ಷರ ಬಾರದ ಅಜ್ಜನಿಗೂ ಅರ್ಥವಾಗಲಿ ಎಂದೇ ಈ ಬಣ್ಣಗಳನ್ನು ಇಟ್ಟಿದ್ದಾರೆ. ಆದರೆ ಅಜ್ಜನಿಗೆ ಹೇಳಬೇಕಾದ ನಮಗೇ ಗೊತ್ತಿಲ್ಲದಿದ್ದರೆ?

ಇನ್ನೂ ಮೂರು ಮಾತು ಮನೆಯಲ್ಲಿ ಹೇಳಬೇಕು. ಗಾಳಿಗೆ ಎದುರು ನಿಂತು ಹೊಡೆಯಬಾರದು. ಉಳಿದದ್ದನ್ನು ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಸುರಿದು ಇಡಬಾರದು, ಮಕ್ಕಳು ಕುಡಿದುಬಿಡುತ್ತಾರೆ. ಯಾರಿಗಾದರೂ ವಿಷ ತಗುಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಆ ಡಬ್ಬವನ್ನೋ ಅದರ ಚೀಟಿಯನ್ನೋ ಜೊತೆಗೆ ತೆಗೆದುಕೊಂಡು ಹೋಗಬೇಕು. ಯಾವ ವಿಷ ಎಂದು ಗೊತ್ತಾದರೆ ಡಾಕ್ಟರಿಗೆ ಬೇಗ ಚಿಕಿತ್ಸೆ ಕೊಡಲು ಅನುಕೂಲ. ಒಂದು ಜೀವ ಉಳಿಸುವ ಈ ಪಾಠಕ್ಕೆ ಅರ್ಧ ಗಂಟೆ ಸಾಕು.

3. ಪಹಣಿಯ ಚುಕ್ಕೆ

ಪಹಣಿಯಲ್ಲಿ 3.10 ಅಂತ ಇದ್ದರೆ ಅದು ನಮ್ಮ ಗಣಿತ ಪುಸ್ತಕದ ದಶಮಾಂಶ ಅಲ್ಲ. 3 ಎಕರೆ 10 ಗುಂಟೆ ಎಂದು ಅರ್ಥ. ಒಂದು ಎಕರೆಗೆ 40 ಗುಂಟೆ. ಇದನ್ನು ಅಣ್ಣ ತಮ್ಮ ಇಬ್ಬರು ಸಮನಾಗಿ ಹಂಚಿಕೊಳ್ಳಬೇಕು ಅಂದುಕೊಳ್ಳಿ. ಕ್ಯಾಲ್ಕುಲೇಟರಿನಲ್ಲಿ ಒತ್ತಿದರೆ 1.55 ಬರುತ್ತದೆ. ಆದರೆ ಪಹಣಿಯಲ್ಲಿ 55 ಗುಂಟೆ ಎಂದು ಬರೆಯುವುದೇ ಇಲ್ಲ! ಸರಿಯಾದ ಕ್ರಮ ಹೀಗೆ: 3 ಎಕರೆ 10 ಗುಂಟೆ ಅಂದರೆ 130 ಗುಂಟೆ. ಅರ್ಧ ಮಾಡಿದರೆ 65. ಅಂದರೆ ಒಬ್ಬೊಬ್ಬರಿಗೆ 1 ಎಕರೆ 25 ಗುಂಟೆ.

ಗುಂಟೆ ಎಷ್ಟು ದೊಡ್ಡದು? 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರಡಿ. ಒಂದು ಹಗ್ಗ ಸಿಕ್ಕರೆ ಶಾಲೆಯ ಮೈದಾನದಲ್ಲೇ ಅಳೆದು ನಾಲ್ಕು ಮೂಲೆಗೂ ಗೂಟ ಹೊಡೆದು ನೋಡಬಹುದು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಜಮೀನಿನ ಮೇಲಿನ ಸಾಲ ಮತ್ತು ಇತರ ಹಕ್ಕುಗಳು ಇರುತ್ತವೆ. ಜಮೀನು ಕೊಳ್ಳುವವರು ಈ ಎರಡನ್ನಂತೂ ಓದಲೇಬೇಕು.

4. ಬಡ್ಡಿ

‘ನೂರಕ್ಕೆ ಮೂರು ರೂಪಾಯಿ ತಾನೆ’ ಅಂತ ಊರಿನಲ್ಲಿ ಸಲೀಸಾಗಿ ಹೇಳ್ತಾರೆ. ಅದು ತಿಂಗಳಿಗೆ. ಸರಳ ಬಡ್ಡಿ ಸೂತ್ರಕ್ಕೆ ಹಾಕಿದರೆ ವರ್ಷಕ್ಕೆ ಶೇ. 36! 20,000 ರೂಪಾಯಿ ಸಾಲಕ್ಕೆ ವರ್ಷಕ್ಕೆ 7,200 ರೂಪಾಯಿ. ಮೂರು ವರ್ಷಕ್ಕೆ 21,600, ಅಂದರೆ ಅಸಲಿಗಿಂತ ಬಡ್ಡಿಯೇ ಹೆಚ್ಚು. ಸಾಲ ಮಾಡಬೇಡಿ ಎಂದು ಅಪ್ಪ ಅಮ್ಮನಿಗೆ ಹೇಳಲು ನಾವು ಯಾರು? ಆದರೆ ಈ ಲೆಕ್ಕವನ್ನು ಹಾಳೆಯ ಮೇಲೆ ಮಾಡಿ ತೋರಿಸಬಹುದಲ್ಲ.

ಮೊಬೈಲಿನ ದುಡ್ಡಿನ ವಿಚಾರವೂ ಇಲ್ಲಿಗೇ ಸೇರುತ್ತದೆ. ದುಡ್ಡು ಕಳಿಸಲು ಮಾತ್ರ ಪಿನ್ ಬೇಕು, ದುಡ್ಡು ಬರಲು ಪಿನ್ ಒತ್ತಬೇಕಾಗಿಲ್ಲ. ಒತ್ತು ಅಂತ ಹೇಳುವವನು ಮೋಸಗಾರ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

5. ಕರೆಂಟು

ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಫ್ಯೂಸ್ ಇದೆ, ಭೂ ಸಂಪರ್ಕ ತಂತಿಯೂ ಇದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗೆ ಉದ್ದಕ್ಕೆ ಇರುವ ಪಿನ್ನೇ ಭೂ ಸಂಪರ್ಕದ್ದು. ಮೋಟಾರಿನ ಮೈಗೆ ಕರೆಂಟು ಬಂದರೆ ಅದು ಈ ತಂತಿಯಲ್ಲಿ ನೆಲಕ್ಕೆ ಹೋಗುತ್ತದೆ, ಫ್ಯೂಸ್ ಸುಟ್ಟು ಕರೆಂಟು ನಿಲ್ಲುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದಪ್ಪ ತಂತಿ ಕಟ್ಟುವವರಿದ್ದಾರೆ. ಸುಡಬೇಕಾದದ್ದು ಸುಡದಿದ್ದರೆ ಒದ್ದೆ ಕೈಯಲ್ಲಿ ಮೋಟಾರು ಮುಟ್ಟಿದವರ ಗತಿ ಏನು? ಈ ಪ್ರಶ್ನೆಗೆ ಪರೀಕ್ಷೆಯಲ್ಲಿ ಎರಡು ಅಂಕ ಇರಬಹುದು. ಹೊಲದಲ್ಲಿ ಅದಕ್ಕೆ ಒಂದು ಪ್ರಾಣದ ಬೆಲೆ.

ಇದಕ್ಕೆ ಬರುವ ಆಕ್ಷೇಪಣೆಗಳು

‘ಇದನ್ನೆಲ್ಲ ಮನೆಯಲ್ಲೇ ಕಲೀತಾರೆ’ ಎನ್ನುತ್ತಾರೆ ಕೆಲವರು. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವರು ನಾವೇ ಮೊದಲು. ಮನೆಯವರಿಗೆ ಉಳುವುದು, ಬಿತ್ತುವುದು ನಮಗಿಂತ ನೂರು ಪಾಲು ಚೆನ್ನಾಗಿ ಗೊತ್ತು. ಆದರೆ ಕಾಗದ ಬಂದರೆ ಅವರು ನಮ್ಮ ಮುಖವನ್ನೇ ನೋಡುತ್ತಾರೆ.

‘ಶಾಲೆಯಲ್ಲಿ ಕೆಲಸ ಕಲಿಸುವುದು ಅಂದರೆ ಕಸ ಗುಡಿಸುವುದು, ನೀರು ಹೊರುವುದು’ ಎಂದು ಇನ್ನು ಕೆಲವರ ಭಾವನೆ. ಅದು ಕಲಿಕೆ ಅಲ್ಲ. ಯಾಕೆ, ಹೇಗೆ, ಎಷ್ಟು ಎಂದು ಕೇಳುತ್ತಾ ಮಾಡಿದರೆ ಮಾತ್ರ ಕಲಿಕೆ. ಹಾಗೆಯೇ ಹೊಲಿಗೆ ಹುಡುಗಿಯರಿಗೆ, ಫ್ಯೂಸ್ ಹುಡುಗರಿಗೆ ಎಂಬ ಭೇದವೂ ಬೇಡ. ಗುಂಡಿ ಕಿತ್ತುಹೋಗುವುದು ಹುಡುಗರ ಅಂಗಿಯಲ್ಲೂ ಉಂಟು, ಕರೆಂಟು ಹೋಗುವುದು ಹುಡುಗಿಯರು ಒಬ್ಬರೇ ಮನೆಯಲ್ಲಿರುವಾಗಲೂ ಉಂಟು.

ನನ್ನ ವಿನಂತಿ

ನಾವೆಲ್ಲರೂ ಕಾಲೇಜಿಗೆ ಹೋಗುತ್ತೇವೆ ಎಂದು ಹೇಳಲಾಗದು. ಕೆಲವರಿಗೆ ಹತ್ತನೇ ತರಗತಿಯೇ ಕೊನೆಯ ಬೆಂಚು. ಅಂಥವರು ಬರಿಗೈಯಲ್ಲಿ ಹೋಗಬಾರದು. ಆದ್ದರಿಂದ ಪ್ರತಿ ಶನಿವಾರ ಒಂದೇ ಒಂದು ಪೀರಿಯಡ್ಡನ್ನು ಇದಕ್ಕೆ ಬಿಟ್ಟುಕೊಡಬೇಕೆಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಒಂದು ವಾರ ಊರಿನ ಲೈನ್‌ಮನ್ ಅಣ್ಣ, ಒಂದು ವಾರ ಆಶಾ ಕಾರ್ಯಕರ್ತೆ ಅಕ್ಕ, ಒಂದು ವಾರ ಸೊಸೈಟಿ ಕಾರ್ಯದರ್ಶಿಗಳು, ಒಂದು ವಾರ ಟೈಲರ್ ಬಂದು ಹೇಳಿಕೊಡಲಿ. ಖರ್ಚೇನೂ ಇಲ್ಲ. ಮಾತಿಗೆ ಒಂದು ಲೋಟ ಟೀ ಸಾಕು.

ಸ್ನೇಹಿತರೇ, ಗುರುಗಳು ಒಪ್ಪುವವರೆಗೆ ನಾವು ಸುಮ್ಮನೆ ಕೂರುವುದು ಬೇಡ. ಈ ವಾರ ಎಲ್ಲರೂ ಮನೆಯ ಗೊಬ್ಬರದ ಚೀಲದ ಮೇಲಿನ ಮೂರು ಸಂಖ್ಯೆಗಳನ್ನು ಬರೆದು ತನ್ನಿ. ವಿಷದ ಡಬ್ಬವನ್ನು ಮಾತ್ರ ಮುಟ್ಟಬೇಡಿ. ದೊಡ್ಡವರು ಹಿಡಿದು ತೋರಿಸಿದರೆ ಅದರ ಚೌಕದ ಬಣ್ಣ ನೋಡಿ, ಚಿತ್ರ ಬರೆದು ತನ್ನಿ. ಅವನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಯ ಮೇಲೆ ಅಂಟಿಸೋಣ.