ವಿದ್ಯೆಯ ಗುರಿಯಲ್ಲಿ ನಮ್ಮ ಪಾಲು

‘ಸುಸ್ಥಿರ ಅಭಿವೃದ್ಧಿ ಗುರಿ’ ಎಂಬ ಮಾತನ್ನು ವಾಚಕರು ದಿನಪತ್ರಿಕೆಗಳಲ್ಲಿ ಕಂಡಿರಬಹುದು. ಇಂದಿನವರ ಅಗತ್ಯ ತೀರಿಸುತ್ತಲೇ ಮುಂದಿನವರ ಬಾಳಿಗೂ ಕುಂದು ಬಾರದಂತೆ ನಡೆಯುವ ಏಳಿಗೆ ಎಂದು ಇದರ ಅರ್ಥ. 2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇಂತಹ 17 ಗುರಿಗಳನ್ನು ಅಂಗೀಕರಿಸಿ, 2030ರ ಗಡುವು ಇಟ್ಟಿತು. ನಾಲ್ಕನೆಯದೇ ವಿದ್ಯೆ.

ಇದಕ್ಕೆ ಮೊದಲಿನ ಗುರಿ ಚಿಕ್ಕದು: 2015ರೊಳಗೆ ಮಕ್ಕಳೆಲ್ಲರೂ ಪ್ರಾಥಮಿಕ ಶಾಲೆ ಮುಗಿಸಬೇಕು, ಅಷ್ಟೆ. ಪಟ್ಟಿಯಲ್ಲಿ ಹೆಸರುಗಳೇನೋ ಹೆಚ್ಚಿದವು. ವರ್ಷಗಟ್ಟಲೆ ತರಗತಿಯಲ್ಲಿ ಕುಳಿತೂ ಒಂದು ಸಾಲು ಓದಲಾರದ ಮಕ್ಕಳು ಎಷ್ಟೋ ದೇಶಗಳಲ್ಲಿ ಉಳಿದರು. ಹೊಸ ಗುರಿ ಹಾಜರಿಯ ಜೊತೆಗೆ, ಕಲಿತದ್ದೇನು ಎಂದೂ ಕೇಳುತ್ತದೆ. ಬಾಳಿನುದ್ದಕ್ಕೂ ಕಲಿಯುವ ಅವಕಾಶವಿರಬೇಕೆಂದು ಹೇಳಿ ವಯಸ್ಕರನ್ನೂ ಸೇರಿಸಿಕೊಳ್ಳುತ್ತದೆ. ಲೋಕದಲ್ಲಿ ಅಕ್ಷರ ಬಾರದ ವಯಸ್ಕರು 70 ಕೋಟಿಗೂ ಹೆಚ್ಚು. ಅವರಲ್ಲಿ ಸುಮಾರು ಮೂರರಲ್ಲೆರಡು ಪಾಲು ಹೆಂಗಸರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಮುಂಬಯಿಯ ಕನ್ನಡಿಗರಿಗೆ ಇದು ಹೊಸ ಮಾತೇನಲ್ಲ.

ಆದರೆ ಗುರಿ ಎಂದರೆ ಕಾಯ್ದೆಯಲ್ಲ. ತಪ್ಪಿದ ಸರಕಾರಕ್ಕೆ ದಂಡ ಹಾಕುವವರಿಲ್ಲ. ಎಷ್ಟು ದೂರ ಬಂದೆವೆಂದು ದೇಶಗಳು ತಾವಾಗಿಯೇ ವರದಿ ಒಪ್ಪಿಸುತ್ತವೆ. ನಾವು ಹಿಡಿದು ಕೇಳಬಹುದಾದದ್ದು ನಮ್ಮ ದೇಶದ ಶಿಕ್ಷಣ ಹಕ್ಕು ಕಾಯ್ದೆಯನ್ನು. 2009ರಲ್ಲಿ ಆದ ಈ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಕೆಲಸ ಹೋದಲ್ಲಿಗೆ ಸಂಸಾರ ಸಾಗಿಸುವ ನಮ್ಮಂಥವರು ಅದರ ಕೆಲವು ಕಲಮುಗಳನ್ನು ತಿಳಿದಿರುವುದು ಮೇಲು. ರಾಜ್ಯದ ಒಳಗಾಗಲಿ ಹೊರಗಾಗಲಿ, ಯಾವ ಕಾರಣಕ್ಕೇ ಶಾಲೆ ಬಿಡಬೇಕಾದರೂ, ಬೇರೆ ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕು ಮಗುವಿಗಿದೆ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ಕೂಡಲೇ ಟಿ.ಸಿ. ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ವಯಸ್ಸಿನ ದಾಖಲೆಯಿಲ್ಲವೆಂದಾಗಲಿ, ವರ್ಷದ ನಡುವೆ ಬಂದಿರೆಂದಾಗಲಿ ಬಾಗಿಲು ಮುಚ್ಚುವಂತಿಲ್ಲ. ಮುಚ್ಚಿದರೆ ನಗರಪಾಲಿಕೆಯಂತಹ ಸ್ಥಳೀಯ ಆಡಳಿತಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ಅದು ತೀರ್ಮಾನ ಹೇಳಬೇಕು. ಬಾಯಿಮಾತಿನ ಜಗಳದಿಂದ ಫಲವಿಲ್ಲ, ಕಾಗದವೇ ಬೇಕು.

ಭಾಷೆಯ ತೊಡಕು ಮಾತ್ರ ಇಷ್ಟರಿಂದ ಬಿಡಿಸುವಂಥದ್ದಲ್ಲ. ಸಾಧ್ಯವಾದಷ್ಟು ಮಾತೃಭಾಷೆಯಲ್ಲಿ ಕಲಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ‘ಸಾಧ್ಯವಾದಷ್ಟು’ ಎಂಬುದರಲ್ಲೇ ಎಲ್ಲವೂ ಅಡಗಿದೆ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಎಲ್ಲ ಊರುಗಳಲ್ಲಿ ಆ ಅನುಕೂಲವಿಲ್ಲ.

ದೂರಿನ ಅರ್ಜಿ ಬರೆಯಲು ನೆರವು ಬೇಕಾದವರು ಸಂಜೆ ವಾಚನಾಲಯ ತೆರೆದಿರುವಾಗ ಬಂದು ಕೇಳಬಹುದು.